ಹಿಮದಾಟಕ್ಕೆ ಹೊರಡುವ ಮುನ್ನ

ಪ್ರವಾಸ ಸಂಸ್ಥೆಯ ನೆರವಿಲ್ಲದೆ, ಮನೆಮಂದಿಯೊಡನೆ ಕಾಶ್ಮೀರದ ಗುಲ್ಮಾರ್ಗ್‌ಗೆ ಸ್ಕೀಯಿಂಗ್‌ಗೆ ಹೊರಟಿದ್ದೀರಾ? ಟಿಕೆಟ್, ಹೋಟೆಲ್‌ಗಳ ಜತೆಗೆ ದೇಹಕ್ಕೆ ಬೇಕಾದ ಬಿಡುವನ್ನೂ ಲೆಕ್ಕ ಹಾಕಿ. ಹೃದ್ರೋಗಿಗಳು, ಆಸ್ತಮಾ ಇರುವವರು, ಗರ್ಭಿಣಿಯರು ಟಿಕೆಟ್ ಕೊಳ್ಳುವ ಮುನ್ನವೇ ವೈದ್ಯರನ್ನು ಕೇಳಬೇಕು.

ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದ್ದರೆ ಗುಲ್ಮಾರ್ಗ್ ಸುಮಾರು 2,650 ಮೀಟರ್ ಎತ್ತರದಲ್ಲಿದೆ. ಗೊಂಡೋಲಾದ ಎರಡನೆಯ ಹಂತ 3,900 ಮೀಟರ್ ದಾಟುತ್ತದೆ. ಎತ್ತರ ಹೆಚ್ಚಿದಂತೆ ಉಸಿರಿಗೆ ಸಿಗುವ ಆಮ್ಲಜನಕ ಕಡಿಮೆ. ಆದ್ದರಿಂದ ಮೊದಲ ರಾತ್ರಿ ಶ್ರೀನಗರದಲ್ಲಿ ತಂಗಿ. ಗುಲ್ಮಾರ್ಗ್ ತಲುಪಿದ ದಿನ ವಿಶ್ರಾಂತಿ ಪಡೆಯಿರಿ. ಮೇಲಿನ ಇಳಿಜಾರು ಮೂರನೆಯ ದಿನಕ್ಕಿರಲಿ.

ತಲೆನೋವು, ವಾಕರಿಕೆ ಕಂಡರೆ ಮೇಲೇರಬೇಡಿ. ಚಿಕ್ಕ ಮಕ್ಕಳಲ್ಲಿ ಹಟ, ಊಟ ಬೇಡವೆನ್ನುವುದೇ ಲಕ್ಷಣವಿರಬಹುದು. ಕುಳಿತಲ್ಲೇ ಏದುಸಿರು, ನಡಿಗೆಯಲ್ಲಿ ತೂರಾಟ, ಮಾತಿನಲ್ಲಿ ಗೊಂದಲ ಅಪಾಯದ ಸೂಚನೆಗಳು. ತಡಮಾಡದೆ ಕೆಳಗಿಳಿದು ವೈದ್ಯರನ್ನು ಕಾಣಿ.

ಹೊಸ ಹಿಮ ಅತಿನೇರಳೆ ಕಿರಣಗಳ ಶೇ 80ರಷ್ಟನ್ನು ಪ್ರತಿಫಲಿಸಬಲ್ಲದು. ಅವನ್ನು ತಡೆಯುವ ಕನ್ನಡಕ ಮಕ್ಕಳಿಗೂ ಬೇಕು. ತಲೆಗೆ ಹೆಲ್ಮೆಟ್ ಇರಲಿ.

ಕೊನೆಯದಾಗಿ, ಬಾಗಿಲು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡವಿಟ್ಟು ಮಲಗಲೇಬೇಡಿ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಅನಿಲ ನಿದ್ದೆಯಲ್ಲೇ ಪ್ರಾಣ ತೆಗೆಯಬಲ್ಲದು. ಚಳಿಗೆ ಇನ್ನೊಂದು ಕಂಬಳಿ ಕೇಳಿ ಪಡೆಯಿರಿ.