ಕಲ್ಲಿನ ದ್ವೀಪದಲ್ಲಿ ಹವಳ ದ್ವೀಪದ ಗೆಳೆಯ

ಲಕ್ಷದ್ವೀಪದ ಅಮಿನಿಯಿಂದ ನಮ್ಮ ಗೆಳೆಯರೊಬ್ಬರು ತಾಯಿಯ ಚಿಕಿತ್ಸೆಗೆಂದು ಮಂಗಳೂರಿಗೆ ಬಂದಿದ್ದರು. ಹಿಂದೆ ದರ್ಸ್‌ನಲ್ಲಿ ಒಟ್ಟಿಗೆ ಓದಿದವರು. ಪರೀಕ್ಷೆಯ ವರದಿ ಬರಲು ಎರಡು ದಿನ ಇತ್ತು. ಆಸ್ಪತ್ರೆಯ ವರಾಂಡದಲ್ಲಿ ಕೂತು ಕೂತು ಅವರ ಮುಖ ಬಾಡಿತ್ತು. ಕೊನೆಗೆ ಉಮ್ಮನೇ, "ಇವನನ್ನು ಸ್ವಲ್ಪ ಹೊರಗೆ ಕರ್ಕೊಂಡು ಹೋಗಿ ಉಸ್ತಾದ್" ಎಂದರು. ನಮ್ಮ ಮನೆಯವರು ಅವರ ಜೊತೆ ನಿಂತರು.

ದ್ವೀಪದವರಿಗೆ ತೋರಿಸಲು ನಮಗೆ ಹೊಳೆದದ್ದು ಇನ್ನೊಂದು ದ್ವೀಪ! ಮಲ್ಪೆಯಲ್ಲಿ ಲುಹರ್ ಮುಗಿಸಿ ಸೈಂಟ್ ಮೇರಿಸ್‌ಗೆ ಬೋಟ್ ಹತ್ತಿದೆವು.

ಅಲ್ಲಿ ಸಾಲಾಗಿ ನಿಂತ ಕಲ್ಲಿನ ಕಂಬಗಳನ್ನು ನೋಡಿ ಅವರು ಕೇಳಿದ್ದು, "ಇದನ್ನು ಕೆತ್ತಿದ್ದು ಯಾರು?" ಯಾರೂ ಕೆತ್ತಿದ್ದಲ್ಲ. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುವ ಕಾಲದಲ್ಲಿ ಉಕ್ಕಿದ ಲಾವಾ ತಣ್ಣಗಾಗುತ್ತಾ ಕುಗ್ಗಿ, ಬಿರಿದು ಹೀಗೆ ಕಂಬಗಳಾಗಿದೆ. ಸುಬ್‌ಹಾನಲ್ಲಾಹ್ ಎನ್ನುತ್ತಾ ಅವರು ಕಲ್ಲನ್ನು ಸವರಿದರು.

"ನಿಮ್ಮದು ಗಟ್ಟಿ ಕಲ್ಲು ಉಸ್ತಾದ್. ನಮ್ಮದು ಹವಳದ ಪುಡಿ" ಎಂದರು. ಅವರ ಊರು ಸಮುದ್ರಮಟ್ಟದಿಂದ ಕೆಲವೇ ಅಡಿ ಎತ್ತರ. ಮಳೆಯ ಸಿಹಿನೀರು ನೆಲದಡಿ ಉಪ್ಪುನೀರಿನ ಮೇಲೆ ತೆಳ್ಳಗೆ ತೇಲುತ್ತದೆ. ಬಾವಿಯಿಂದ ಹೆಚ್ಚು ಎಳೆದರೆ ಉಪ್ಪು ಮೇಲೇರುತ್ತದೆ. ಬಂಗಾರಂ ಪಕ್ಕದಲ್ಲಿ ಜನವಸತಿ ಇಲ್ಲದ ಪರಳಿ ಎಂಬ ಪುಟ್ಟ ದ್ವೀಪವೊಂದು ಕಡಲ ಕೊರೆತಕ್ಕೆ ಸಿಕ್ಕಿ ಕರಗಿಯೇ ಹೋಗಿದೆ. "ಉಮ್ಮನಿಗೆ ಗುಣವಾಗಲಿ ಎಂದು ದುಆ ಮಾಡುವಾಗ ಊರಿಗೂ ಸೇರಿಸಿ ಮಾಡ್ತೇನೆ" ಎಂದರು. ನಮಗೆ ಮಾತು ಹೊರಡಲಿಲ್ಲ.

ಮರಳುವಾಗ ಹಳೆಯ ನಂಟಿನ ಮಾತು ಬಂತು. 1956ರ ನವೆಂಬರ್ 1ರವರೆಗೆ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ದ್ವೀಪಗಳು ನಮ್ಮ ಜಿಲ್ಲೆಗೇ ಸೇರಿದ್ದವು. ಅವರ ಹಿರಿಯರು ಹಾಯಿದೋಣಿಯಲ್ಲಿ ತೆಂಗಿನ ಹುರಿ ತಂದು, ಮಂಗಳೂರಿನಿಂದ ಅಕ್ಕಿ ಒಯ್ಯುತ್ತಿದ್ದರು. ಬಂದರಿನಿಂದ ಇಂದಿಗೂ ದ್ವೀಪಗಳಿಗೆ ಸರಕು ಹೋಗುತ್ತದೆ. ಅವರ ಮಾತಿಗೂ ನಮ್ಮ ಬ್ಯಾರಿಗೂ ಅರ್ಧಕ್ಕರ್ಧ ಹೊಂದುತ್ತದೆ.

ವರದಿ ಬಂತು. ಆಪರೇಷನ್ ಬೇಡ, ಮದ್ದಿನಲ್ಲೇ ನೋಡೋಣ ಎಂದರು ಡಾಕ್ಟರ್. ಅಲ್‌ಹಮ್ದುಲಿಲ್ಲಾಹ್! ಆ ರಾತ್ರಿ ತಾಯಿ ಮಗ ಇಬ್ಬರೂ ನಮ್ಮ ಮನೆಯಲ್ಲಿ ಪತ್ತಿರಿ, ಮೀನು ಸಾರು ಉಂಡರು. ಹತ್ತು ದಿನದಲ್ಲಿ ಮನೆಯ ಊಟ ಇದೇ ಮೊದಲು ಎಂದಾಗ ನಮಗೆ ನಾಚಿಕೆಯಾಯಿತು.

ನಮ್ಮ ಆಸ್ಪತ್ರೆಗಳ ವರಾಂಡದಲ್ಲಿ ದ್ವೀಪದವರು ಕೂತಿರುತ್ತಾರೆ. ಸಲಾಂ ಹೇಳಿ ಊರು ಕೇಳೋಣ. ಒಂದು ಹೊತ್ತು ಮನೆಗೆ ಕರೆಯೋಣ.