ಚಿಕ್ಕ ಚೌಕಟ್ಟಿನ ಕ್ಯಾಮರಾ

ಹಕ್ಕಿಗಳ ಚಿತ್ರ ತೆಗೆಯುವ ಹಂಬಲದಿಂದ ಕ್ಯಾಮರಾ ಕೊಳ್ಳಹೊರಟವರ ಮುಂದೆ ಅಂಗಡಿಯವರು ಎರಡು ಬಗೆಯ ಯಂತ್ರಗಳನ್ನಿಡುತ್ತಾರೆ. ಒಂದು ಪೂರ್ಣ ಚೌಕಟ್ಟಿನದು, ಬೆಲೆ ಹೆಚ್ಚು. ಇನ್ನೊಂದು ‘ಕ್ರಾಪ್’ ಎನಿಸಿಕೊಂಡ ಚಿಕ್ಕ ಚೌಕಟ್ಟಿನದು. ಇದಕ್ಕೆ 300 ಮಿಲಿಮೀಟರಿನ ಮಸೂರವನ್ನು ಜೋಡಿಸಿದರೆ ಅದು 450 ಮಿಲಿಮೀಟರಿನದೇ ಆಗಿಬಿಡುವುದೆಂಬ ಮಾತೂ ಕಿವಿಗೆ ಬೀಳುತ್ತದೆ. ಈ ಮಾತಿನಲ್ಲಿ ನಿಜವೆಷ್ಟು? ಕೈಯಲ್ಲಿರುವ ಹಣವನ್ನು ಯಂತ್ರಕ್ಕೆ ಹಾಕಬೇಕೋ ಮಸೂರಕ್ಕೋ ಎಂಬುದು ಇದರ ಉತ್ತರವನ್ನೇ ಅವಲಂಬಿಸಿದೆ.

‘ಪೂರ್ಣ’ ಎಂಬ ಹೆಸರಿನ ಹಿಂದೆ ಪ್ರಕೃತಿನಿಯಮ ಯಾವುದೂ ಇಲ್ಲ. ಜರ್ಮನಿಯ ಆಸ್ಕರ್ ಬಾರ್ನಾಕ್ ಎಂಬಾತ ಸಿನಿಮಾ ಫಿಲ್ಮನ್ನು ಅಡ್ಡಲಾಗಿ ಓಡಿಸಿ 36 × 24 ಮಿಲಿಮೀಟರಿನ ಚಿತ್ರಗಳನ್ನು ತೆಗೆದನು. 1925ರಲ್ಲಿ ಮಾರಾಟಕ್ಕೆ ಬಂದ ಲೈಕಾ ಕ್ಯಾಮರಾ ಆ ಅಳತೆಯನ್ನು ರೂಢಿಗೆ ತಂದಿತು. ಚಿಕ್ಕ ಚೌಕಟ್ಟಿನ ಅಳತೆ ಸುಮಾರು 23.5 × 15.6 ಮಿಲಿಮೀಟರ್. ಇದಕ್ಕಿರುವ ‘ಎಪಿಎಸ್-ಸಿ’ ಎಂಬ ಹೆಸರು 1996ರಲ್ಲಿ ಹೊರಟ ಒಂದು ಬಗೆಯ ಫಿಲ್ಮಿನದು; ಆ ಫಿಲ್ಮಿನ ತಯಾರಿಕೆ ನಿಂತುಹೋಗಿದೆ, ಹೆಸರು ಮಾತ್ರ ಉಳಿದಿದೆ. ಸಿಲಿಕಾನ್ ಬಿಲ್ಲೆಯೊಂದರಲ್ಲಿ ಚಿಕ್ಕ ಫಲಕಗಳು ಹೆಚ್ಚು ಸಂಖ್ಯೆಯಲ್ಲಿ ದೊರೆಯುತ್ತವೆ, ದೋಷದಿಂದ ಕೆಡುವವು ಕಡಮೆ. ಆದುದರಿಂದಲೇ ಅವು ಅಗ್ಗ.

ಈಗ ಹೊಸಕೆರೆಹಳ್ಳಿಯ ಕೆರೆಯ ದಂಡೆಯಲ್ಲಿ ನಾವು ನಿಂತಿರುವೆವೆಂದೂ 30 ಮೀಟರ್ ದೂರದಲ್ಲಿ ಬಿಳಿಗೊರಳಿನ ಮಿಂಚುಳ್ಳಿಯೊಂದು ಕುಳಿತಿರುವುದೆಂದೂ ಭಾವಿಸೋಣ. ಕೊಕ್ಕಿನಿಂದ ಬಾಲದವರೆಗೆ ಅದರ ಉದ್ದ ಸುಮಾರು 28 ಸೆಂಟಿಮೀಟರ್. 300 ಮಿಲಿಮೀಟರ್ ಸಂಗಮದೂರದ ಮಸೂರವು ಅದನ್ನು ನೂರರಲ್ಲೊಂದು ಪಾಲಿಗೆ ಇಳಿಸಿ 2.8 ಮಿಲಿಮೀಟರಿನ ಬಿಂಬವನ್ನು ಮೂಡಿಸುತ್ತದೆ. ಸಾಸಿವೆ ಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಹಿಂದಿರುವ ಫಲಕ ದೊಡ್ಡದೋ ಚಿಕ್ಕದೋ ಎಂಬುದು ಮಸೂರಕ್ಕೆ ತಿಳಿಯದು. ಎರಡರಲ್ಲಿಯೂ ಬಿಂಬ ಅದೇ 2.8 ಮಿಲಿಮೀಟರ್. ಚಿಕ್ಕ ಫಲಕವು ಸುತ್ತಲಿನ ನೀರನ್ನೂ ಜೊಂಡನ್ನೂ ಕತ್ತರಿಸಿ ಬಿಡುತ್ತದೆ. ಉಳಿದುದನ್ನು ಹಿಗ್ಗಿಸಿ ನೋಡುವ ನಮಗೆ ಹಕ್ಕಿ ದೊಡ್ಡದಾಗಿ ಕಾಣುತ್ತದೆ. ಮಸೂರ 450 ಆಗಲಿಲ್ಲ.

ಹಾಗಾದರೆ ಲಾಭವೇ ಇಲ್ಲವೆ? ಉಂಟು, ಆದರೆ ಅದು ಪಿಕ್ಸೆಲ್‌ಗಳ ಒತ್ತಣೆಯಿಂದ ಬರುವಂಥದು. ಎರಡು ಫಲಕಗಳಲ್ಲಿಯೂ ಅಗಲಕ್ಕೆ 6000 ಪಿಕ್ಸೆಲ್‌ಗಳಿದ್ದರೆ ಪೂರ್ಣ ಚೌಕಟ್ಟಿನಲ್ಲಿ ಮಿಂಚುಳ್ಳಿಯ ಪಾಲಿಗೆ ಸುಮಾರು 470 ಬರುತ್ತವೆ, ಚಿಕ್ಕದರಲ್ಲಿ 710ಕ್ಕೂ ಹೆಚ್ಚು. ಗರಿಗಳ ವಿವರ ಅಷ್ಟರಮಟ್ಟಿಗೆ ಹೆಚ್ಚುತ್ತದೆ. ಅಗಲಕ್ಕೆ 9500 ಪಿಕ್ಸೆಲ್‌ಗಳಿರುವ ಪೂರ್ಣ ಚೌಕಟ್ಟಿನ ಯಂತ್ರಗಳೂ ಈಗ ದೊರೆಯುತ್ತವೆ. ಅವುಗಳ ಮುಂದೆ ಈ ಮೇಲುಗೈ ನಿಲ್ಲದು. ಆದರೆ ಅವುಗಳ ಬೆಲೆಯನ್ನು ಕೇಳಿದ ಮೇಲೆ ಬಹುಮಂದಿ ನಿಲ್ಲುವುದಿಲ್ಲ!

ದೊಡ್ಡ ಫಲಕ ಹೆಚ್ಚು ಬೆಳಕನ್ನು ಹಿಡಿಯುವುದೆಂಬ ವಾದ ಇನ್ನೊಂದು. ವಿಸ್ತೀರ್ಣದಲ್ಲಿ ಅದು ಸುಮಾರು 2.4 ಪಟ್ಟು ದೊಡ್ಡದೆಂಬುದು ದಿಟ. ಬೆಳಕು ಫೋಟಾನ್‌ಗಳೆಂಬ ಕಣಗಳಾಗಿ ಬಂದು ಬೀಳುವುದರಿಂದ, ಎಣಿಕೆ ಕಡಮೆಯಾದಷ್ಟೂ ಚಿತ್ರದಲ್ಲಿ ಮರಳು ಎರಚಿದಂಥ ಚುಕ್ಕೆಗಳು ಹೆಚ್ಚು. ಆದರೆ ನಮ್ಮ ಮಿಂಚುಳ್ಳಿಯ ಬಿಂಬದ ಮೇಲೆ ಎಷ್ಟು ಫೋಟಾನ್‌ಗಳು ಬೀಳಬೇಕೆಂಬುದನ್ನು ಗೊತ್ತುಮಾಡುವುದು ಮಸೂರದ ಬಾಯಿ ಮತ್ತು ಬೆಳಕಿಗೆ ಒಡ್ಡಿದ ಕಾಲ. ದೊಡ್ಡ ಫಲಕ ಹೆಚ್ಚಾಗಿ ಹಿಡಿದ ಬೆಳಕು ಕೆರೆಯ ನೀರಿನದು, ಹಕ್ಕಿಯದಲ್ಲ. ಅದೇ 300ರ ಮಸೂರ ಎಫ್/5.6 ಆಗಿದ್ದರೆ ಬಾಯಿಯ ವ್ಯಾಸ ಸುಮಾರು 54 ಮಿಲಿಮೀಟರ್. ಎಫ್/4 ಆಗಿದ್ದರೆ 75. ಎರಡನೆಯದು ಹಕ್ಕಿಯಿಂದ ಹೆಚ್ಚುಕಡಮೆ ಇಮ್ಮಡಿ ಬೆಳಕನ್ನು ತರುತ್ತದೆ. ದೂರದ ಹಕ್ಕಿಯೇ ಗುರಿಯಾಗಿರುವವರು ಚಿಕ್ಕ ಚೌಕಟ್ಟಿನಲ್ಲಿ ಉಳಿಸಿದ ಹಣವನ್ನು ಈ ಬಾಯಿಗೆ ವೆಚ್ಚಮಾಡುವುದೇ ಲೇಸೆಂದು ನಮ್ಮ ಅಭಿಪ್ರಾಯ.

ಮದುವೆಯ ಮಂಟಪದ ಮಂಕು ಬೆಳಕಿನಲ್ಲಿ ಸಂಗತಿ ಬೇರೆ. ಅಲ್ಲಿ ವಧೂವರರ ಬಳಿಗೆ ಹೋಗಿ ಚೌಕಟ್ಟನ್ನು ಅವರಿಂದಲೇ ತುಂಬಿಸಬಹುದಾದುದರಿಂದ ದೊಡ್ಡ ಫಲಕದ ಮೇಲೆ ಬಿದ್ದ ಬೆಳಕೆಲ್ಲ ಉಪಯೋಗಕ್ಕೆ ಬರುತ್ತದೆ. ಆ ಕೆಲಸವನ್ನು ಜೀವನೋಪಾಯವಾಗಿ ಮಾಡಿಕೊಂಡವರಿಗೆ ಪೂರ್ಣ ಚೌಕಟ್ಟು ದುಂದಲ್ಲ.

ಕೊಳ್ಳುವ ಮುನ್ನ ಇನ್ನೊಂದನ್ನು ವಿಚಾರಿಸಿಕೊಳ್ಳಬೇಕು. ಚಿಕ್ಕ ಚೌಕಟ್ಟಿಗೆಂದೇ ರಚಿಸಿದ ಮಸೂರಗಳು ಮೂಡಿಸುವ ಬಿಂಬದ ವೃತ್ತ ಸಾಮಾನ್ಯವಾಗಿ ಕಿರಿದು. ಪೂರ್ಣ ಚೌಕಟ್ಟಿನ ಮೇಲೆ ಅವನ್ನು ಬಳಸಿದರೆ ಮೂಲೆಗಳು ಕಪ್ಪಾಗುತ್ತವೆ. ಪೂರ್ಣ ಚೌಕಟ್ಟಿನ ಮಸೂರವಾದರೋ, ಜೋಡಣೆಯ ಬಳೆ ಹೊಂದುವಲ್ಲಿ, ಚಿಕ್ಕ ಯಂತ್ರದಲ್ಲಿಯೂ ಸೊಗಸಾಗಿ ನಡೆಯುತ್ತದೆ.