ಪೀಣ್ಯದ ಅನ್ನದಂಗಡಿಗಳು

ಬೆಳಗಿನ ಏಳು ಗಂಟೆಯ ಹೊತ್ತಿಗೆ ಪೀಣ್ಯ ಕೈಗಾರಿಕಾ ಪ್ರದೇಶದ ಅಡ್ಡರಸ್ತೆಗಳಲ್ಲಿ ಎರಡು ವಾಸನೆಗಳು ಒಂದರೊಳಗೊಂದು ಬೆರೆತು ನಿಂತಿರುತ್ತವೆ. ಒಂದು, ಲೇತು ಯಂತ್ರಗಳಿಗೆ ಸುರಿಯುವ ಕೂಲೆಂಟು ಎಣ್ಣೆಯದು. ಇನ್ನೊಂದು, ಒಗ್ಗರಣೆಯಲ್ಲಿ ಸಿಡಿದ ಸಾಸಿವೆ ಕರಿಬೇವುಗಳದು. ಕಾರ್ಖಾನೆಯ ಷಟರು ಅರ್ಧಕ್ಕೆ ಏರಿರುವಾಗಲೇ ಅದರೆದುರಿನ ಚರಂಡಿಯ ಹಾಸುಗಲ್ಲಿನ ಮೇಲೆ ತಳ್ಳುಗಾಡಿಯೊಂದು ಬಂದು ನಿಂತು, ಮೂರು ಪಾತ್ರೆಗಳ ಮುಚ್ಚಳವನ್ನು ತೆರೆದಿರುತ್ತದೆ: ಚಿತ್ರಾನ್ನ, ಟೊಮೇಟೋ ಬಾತು, ಇಡ್ಲಿ. ರಾತ್ರಿಯ ಪಾಳಿ ಮುಗಿಸಿದವನಿಗೆ ಅದು ದಿನದ ಕೊನೆಯ ಊಟ. ಹಗಲಿನ ಪಾಳಿಗೆ ಬಂದವನಿಗೆ ಮೊದಲನೆಯದು. ಇಬ್ಬರೂ ಒಂದೇ ಗಾಡಿಯ ಎರಡು ಬದಿಗಳಲ್ಲಿ ನಿಂತು ಒಂದೇ ಸೌಟಿನ ಚಟ್ನಿಗಾಗಿ ತಟ್ಟೆ ಚಾಚುತ್ತಾರೆ.

ಬೆಂಗಳೂರಿನ ಉಪಾಹಾರ ವೈಭವವನ್ನು ಬಣ್ಣಿಸುವವರು ಸಾಮಾನ್ಯವಾಗಿ ಬಸವನಗುಡಿ, ಮಲ್ಲೇಶ್ವರಗಳಲ್ಲಿ ಸುತ್ತಿ, ಲಾಲ್‌ಬಾಗಿನ ಬಳಿಯ ಮಾವಳ್ಳಿ ಟಿಫನ್ ರೂಮಿನಲ್ಲಿ ರವೆ ಇಡ್ಲಿಯನ್ನು ತಿಂದು, ಅಲ್ಲಿಗೆ ತಮ್ಮ ಯಾತ್ರೆ ಸಂಪೂರ್ಣವಾಯಿತೆಂದು ಭಾವಿಸುತ್ತಾರೆ. ಗೊರಗುಂಟೆಪಾಳ್ಯವನ್ನು ದಾಟಿ, ತುಮಕೂರು ರಸ್ತೆಯಿಂದ ಎಡಕ್ಕೋ ಬಲಕ್ಕೋ ಹೊರಳಿ, ಪೀಣ್ಯದಲ್ಲಿ ಊಟ ಮಾಡಿದವರು ಅವರಲ್ಲಿ ವಿರಳ. ಇಲ್ಲಿ ಹೆಸರುಹಲಗೆಯಿಲ್ಲದ ಹೋಟೆಲುಗಳಿಗೆ ಲೆಕ್ಕವಿಲ್ಲ. ಎದುರಿಗಿರುವ ಕಾರ್ಖಾನೆಯ ಹೆಸರೇ ಅವುಗಳಿಗೂ ಹೆಸರು. ಕಾರ್ಖಾನೆ ಮುಚ್ಚಿ, ಅದರ ಷೆಡ್ಡು ಯಾವುದೋ ಸರಕಿನ ಗೋದಾಮಾಗಿ ಮಾರ್ಪಟ್ಟ ಮೇಲೂ ಹಳೆಯ ಗಿರಾಕಿಗಳ ಬಾಯಲ್ಲಿ ಆ ಹೆಸರು ಹೋಟೆಲಿಗೆ ಅಂಟಿಕೊಂಡೇ ಇರುವುದುಂಟು.

250ರ ಲೆಕ್ಕ

ಈ ಅಂಗಡಿಗಳು ಹುಟ್ಟಿದ ಕಾರಣವನ್ನು ಅಡಿಗೆಮನೆಯಲ್ಲಿ ಹುಡುಕುವುದಕ್ಕಿಂತ ಕಾಯಿದೆಯ ಪುಸ್ತಕದಲ್ಲಿ ಹುಡುಕುವುದು ಮೇಲು. ಪೀಣ್ಯದ ನೆರೆಯ ಜಾಲಹಳ್ಳಿಯಲ್ಲಿ 1953ರಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಕಾರ್ಖಾನೆಯೂ, ಮರುವರ್ಷ ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯೂ ತಲೆಯೆತ್ತಿದುವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಎಚ್.ಎಂ.ಟಿ.ಯ ಕೈಗಡಿಯಾರಗಳು ಹೊರಬರತೊಡಗಿದುವು. ಸಾವಿರಾರು ಕಾರ್ಮಿಕರಿದ್ದ ಇಂಥ ಕಾರ್ಖಾನೆಗಳಲ್ಲಿ ಭೋಜನಶಾಲೆ ಆವರಣದೊಳಗೇ ಇರುತ್ತಿತ್ತು. 1948ರ ಕಾರ್ಖಾನೆಗಳ ಕಾಯಿದೆಯ 46ನೆಯ ಪ್ರಕರಣವು, 250ಕ್ಕಿಂತ ಹೆಚ್ಚು ಕೆಲಸಗಾರರುಳ್ಳ ಕಾರ್ಖಾನೆಯಲ್ಲಿ ಮಾಲೀಕನೇ ಕ್ಯಾಂಟೀನನ್ನು ನಡೆಸಬೇಕೆಂದು ವಿಧಿಸುವ ಅಧಿಕಾರವನ್ನು ರಾಜ್ಯ ಸರ್ಕಾರಗಳಿಗೆ ಕೊಟ್ಟಿತ್ತು.

1970ರ ದಶಕದಲ್ಲಿ ರೂಪುಗೊಂಡ ಪೀಣ್ಯದ ಕಥೆಯೇ ಬೇರೆ. ಏಷ್ಯದ ಅತಿ ದೊಡ್ಡ ಕೈಗಾರಿಕಾ ವಸಾಹತುಗಳಲ್ಲೊಂದೆಂದು ಅದನ್ನು ಹೊಗಳುವುದು ವಾಡಿಕೆ. ಆದರೆ ಆ ದೊಡ್ಡತನವು ಸಾವಿರಾರು ಸಣ್ಣತನಗಳ ಮೊತ್ತ. ದೊಡ್ಡ ಕಾರ್ಖಾನೆಗಳಿಗೆ ಬೇಕಾದ ಬೋಲ್ಟು, ಬುಷ್ಷು, ಗೇರು, ಅಚ್ಚುಗಳನ್ನು ಮಾಡಿಕೊಡುವ ಷೆಡ್ಡುಗಳು ಇಲ್ಲಿ ಸಾಲುಗಟ್ಟಿದುವು. ದೊಡ್ಡ ಕಡೆ ಕೆಲಸ ಕಲಿತ ಟರ್ನರು, ಫಿಟ್ಟರುಗಳು ಒಂದೆರಡು ಲೇತು ಹಾಕಿಕೊಂಡು ತಾವೇ ಯಜಮಾನರಾದರು. ಒಂದೊಂದು ಷೆಡ್ಡಿನಲ್ಲಿ ಹತ್ತು ಜನ, ಹದಿನೈದು ಜನ. ಕಾಯಿದೆಯ ಅಂಕಿ ಅವರ ತಲೆಯ ಮೇಲೆ ಬಹು ಎತ್ತರದಲ್ಲಿ ಹಾದುಹೋಯಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಯು ಕ್ಯಾಂಟೀನಿನ ಮಿತಿಯನ್ನು 100 ಜನಕ್ಕೆ ಇಳಿಸಿದೆಯೇನೋ ನಿಜ. ಹದಿನೈದು ಜನರ ಷೆಡ್ಡಿಗೆ 250 ಆದರೇನು, 100 ಆದರೇನು!

ಹೀಗೆ ಕಾಯಿದೆ ಬಿಟ್ಟುಹೋದ ಹೊಟ್ಟೆಗಳನ್ನು ತುಂಬುವ ಕೆಲಸ ರಸ್ತೆಯ ಪಾಲಿಗೆ ಬಂತು.

ಮುದ್ದೆಯ ಮನೆ

ಬೆಳಗಿನ ತಿಂಡಿಯ ವಿಚಾರದಲ್ಲಿ ಪೀಣ್ಯವು ಬೆಂಗಳೂರಿನ ಉಳಿದ ಭಾಗಗಳಿಗಿಂತ ಹೆಚ್ಚು ಭಿನ್ನವಲ್ಲ. 1983ರಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿಯಿಂದ ಹೆಸರು ಪಡೆದ, ನಿಂತು ತಿನ್ನುವ ಹೋಟೆಲುಗಳು ಇಲ್ಲಿಯೂ ಉಂಟು. ತುಮಕೂರಿಗೆ ಮುನ್ನ ಸಿಗುವ ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಅದೇ ಹೆದ್ದಾರಿಯಲ್ಲಿ ಇಳಿದುಬಂದು ಇಲ್ಲಿ ಮನೆಮಾಡಿಕೊಂಡಿದೆ. ಆದರೆ ಪೀಣ್ಯದ ನಿಜವಾದ ಗತ್ತು ಕಾಣಬೇಕಾದರೆ ಮಧ್ಯಾಹ್ನ ಹನ್ನೆರಡೂವರೆಗೆ ಮುದ್ದೆಯ ಮನೆಗೆ ಹೋಗಬೇಕು.

ತಗಡಿನ ಮಾಡು, ಸಿಮೆಂಟಿನ ನೆಲ, ಉದ್ದನೆಯ ಎರಡು ಬೆಂಚು. ಒಳಗೆ ಹಂಡೆಯಂಥ ಪಾತ್ರೆಯಲ್ಲಿ ಎಸರು ಕುದಿಯುತ್ತಿರುತ್ತದೆ. ಹಿಟ್ಟನ್ನು ಗುಡ್ಡೆಯಾಗಿ ಸುರಿದು, ಅದು ಬೇಯುವವರೆಗೆ ಕೈ ಹಾಕದೆ ಕಾಯುವುದೇ ಇಲ್ಲಿನ ವಿದ್ಯೆ. ಅವಸರಪಟ್ಟು ತಿರುವಿದರೆ ಗಂಟು, ತಡಮಾಡಿದರೆ ಸೀಕಲು. ಹದ ಬಂದೊಡನೆ ಒಬ್ಬ ಕವೆಗೋಲಿನಿಂದ ಪಾತ್ರೆಯನ್ನು ಒತ್ತಿ ಹಿಡಿಯುತ್ತಾನೆ, ಇನ್ನೊಬ್ಬ ಮೊಳಕೈಯವರೆಗೆ ಬೆವರಿಳಿಸುತ್ತ ಕೋಲಾಡಿಸುತ್ತಾನೆ. ಎದುರಿನ ಷೆಡ್ಡಿನಲ್ಲಿ ಕಬ್ಬಿಣವನ್ನು ಹದಗೊಳಿಸುವವನಿಗೂ ಇವನಿಗೂ ಕೆಲಸದಲ್ಲಿ ಬಹಳ ಅಂತರವಿದ್ದಂತೆ ತೋರುವುದಿಲ್ಲ. ಬಳಿಕ ಒದ್ದೆ ಕೈಯಲ್ಲಿ ಉಂಡೆ ಕಟ್ಟಿ ತಟ್ಟೆಗೆ ಹಾಕಿದರೆ, ಬಟ್ಟಲಲ್ಲಿ ಬಸ್ಸಾರೋ ಹುರುಳಿಕಾಳಿನ ಸಾರೋ ಹಿಂದೆಯೇ ಬರುತ್ತದೆ. ಬಸ್ಸಾರು ಮಿತವ್ಯಯದ ಅಡಿಗೆ: ಬೇಯಿಸಿದ ಸೊಪ್ಪು ಕಾಳುಗಳನ್ನು ಬಸಿದ ನೀರೇ ಸಾರಾಗುತ್ತದೆ, ಬಸಿದುಳಿದದ್ದು ಪಲ್ಯವಾಗುತ್ತದೆ, ಯಾವುದೂ ಪೋಲಾಗುವುದಿಲ್ಲ. ಮಾರ್ಗಶಿರ, ಪುಷ್ಯಗಳ ಚಳಿಯಲ್ಲಿ ಅವರೆಕಾಯಿ ಬಂದಾಗ ಹಿದುಕಿದ ಬೇಳೆಯ ಸಾರಿಗೆ ಬೆಂಚಿನ ಮೇಲೆ ಸ್ಥಳ ಸಿಕ್ಕುವುದು ಕಷ್ಟ. ಪಕ್ಕದ ಮಿಲಿಟರಿ ಹೋಟೆಲಿನಲ್ಲಿ ಅದೇ ಮುದ್ದೆಗೆ ಕಾಲು ಸೂಪು, ಬೋಟಿ ಗೊಜ್ಜುಗಳು ಜೊತೆ. ಅಲ್ಲಿಯ ಗದ್ದಲ ಭಾನುವಾರದ್ದು.

ಮುದ್ದೆ, ಸಾರು, ಒಂದು ಹಿಡಿ ಅನ್ನ, ಮಜ್ಜಿಗೆ ಸೇರಿ 70–80 ರೂಪಾಯಿಗಳ ಆಸುಪಾಸು. ಅನ್ನವನ್ನು ಕೊನೆಗೆ ಬಡಿಸುವುದು ವಾಡಿಕೆ. ಕನಕದಾಸರು ‘ರಾಮಧಾನ್ಯ ಚರಿತೆ’ಯಲ್ಲಿ ರಾಗಿಗೂ ಅಕ್ಕಿಗೂ ನಡೆದ ವ್ಯಾಜ್ಯವನ್ನು ಶ್ರೀರಾಮನ ಸಭೆಯವರೆಗೆ ಒಯ್ದು ರಾಗಿಯನ್ನು ಗೆಲ್ಲಿಸಿದುದನ್ನು ವಾಚಕರು ಬಲ್ಲರು. ಪೀಣ್ಯದ ತಟ್ಟೆಯಲ್ಲಿ ಆ ವಾದಿ ಪ್ರತಿವಾದಿಗಳು ದಿನವೂ ಒಟ್ಟಿಗೆ ಕುಳಿತಿರುತ್ತಾರೆ. ಹಿರಿತನ ಮಾತ್ರ ಈಗಲೂ ರಾಗಿಯದೇ. ಎಂಟು ಗಂಟೆ ನಿಂತು ದುಡಿಯುವವನಿಗೆ ಸಂಜೆಯವರೆಗೆ ಹಸಿವು ತಡೆಯುವ ಆಹಾರ ಬೇಕು. ರುಚಿಯ ಮಾತು ಆಮೇಲೆ.

ಉತ್ತರ ಕರ್ನಾಟಕದಿಂದ ಬಂದವರ ಖಾನಾವಳಿಗಳಲ್ಲಿ ಜೋಳದ ರೊಟ್ಟಿಯ ಚಪಚಪ ಸದ್ದು ಬೀದಿಗೆ ಕೇಳುತ್ತದೆ. ಎಣ್ಣೆಗಾಯಿ, ಶೇಂಗಾ ಚಟ್ನಿಪುಡಿ, ಹಸಿ ಈರುಳ್ಳಿ. ಈಚಿನ ವರ್ಷಗಳಲ್ಲಿ ಒಡಿಶಾ, ಬಿಹಾರ, ಝಾರ್ಖಂಡ, ಅಸ್ಸಾಂಗಳ ಹುಡುಗರು ಹೆಚ್ಚಾಗಿದ್ದಾರೆ. ಅವರಿಗಾಗಿ ಬೇಳೆ, ಆಲೂಗಡ್ಡೆ, ಸಾಸಿವೆ ಎಣ್ಣೆಯ ಮೆಸ್ಸುಗಳು ಹುಟ್ಟಿವೆ. ಗೋಡೆಯ ಮೇಲಿನ ಬರಹ ಹಿಂದಿಯಲ್ಲೋ ಒಡಿಯಾದಲ್ಲೋ ಇದ್ದರೂ ಅಕ್ಕಿ ಮಾತ್ರ ಯಶವಂತಪುರದ ಮಂಡಿಯದು. ಹಾಸನದ ಹುಡುಗ ಅಲ್ಲಿ ಕುಳಿತು ಆಲೂ ಚೋಖಾ ತಿನ್ನುವುದೂ, ಬಾಲೇಶ್ವರದವನು ಮುದ್ದೆಯನ್ನು ಅಗಿಯಲು ಹೋಗಿ ಪಕ್ಕದವನಿಂದ ‘ನುಂಗಪ್ಪಾ, ನುಂಗು’ ಎನಿಸಿಕೊಳ್ಳುವುದೂ ಅಪರೂಪದ ನೋಟಗಳೇನಲ್ಲ.

ಉದ್ರಿ ಪುಸ್ತಕ

ಈ ಹೋಟೆಲುಗಳ ಗಲ್ಲಾಪೆಟ್ಟಿಗೆಯ ಮಗ್ಗುಲಲ್ಲಿ ಎಣ್ಣೆಗೈ ಗುರುತು ಹತ್ತಿದ ಉದ್ರಿ ಪುಸ್ತಕವೊಂದು ಇರುತ್ತದೆ. ತಿಂಗಳುದ್ದಕ್ಕೂ ಬರೆಸಿ, ಸಂಬಳದ ದಿನ ತೀರಿಸುವುದು ಕ್ರಮ. ಅಂದರೆ ಕಾರ್ಮಿಕನ ಮೂವತ್ತು ದಿನದ ಊಟಕ್ಕೆ ಬಂಡವಾಳ ಹೂಡುವವನು ಬಡ ಹೋಟೆಲಿನವನು. ದೊಡ್ಡ ಕಾರ್ಖಾನೆ ಸಣ್ಣ ಷೆಡ್ಡಿಗೆ ಹಣ ಕೊಡುವುದು ತಡವಾದರೆ, ಷೆಡ್ಡಿನವನು ಸಂಬಳ ತಡಮಾಡುತ್ತಾನೆ. ಸಂಬಳ ತಡವಾದರೆ ಉದ್ರಿ ಬೆಳೆಯುತ್ತದೆ. ಷೆಡ್ಡೇ ಮುಚ್ಚಿದರೆ, ಗಿರಾಕಿ ಊರಿಗೆ ಹೋಗುತ್ತಾನೆ, ಹೆಸರು ಪುಸ್ತಕದಲ್ಲಿ ಉಳಿಯುತ್ತದೆ. ಇದು ಯಾವ ಆರ್ಥಿಕ ಸಮೀಕ್ಷೆಯ ಪಟ್ಟಿಯಲ್ಲಿಯೂ ಕಾಣದ ನಷ್ಟ.

ಮುಚ್ಚುವಿಕೆಯ ಪೆಟ್ಟು ದೊಡ್ಡವರನ್ನೂ ಬಿಡಲಿಲ್ಲ. 2016ರ ಜನವರಿಯಲ್ಲಿ ಎಚ್.ಎಂ.ಟಿ. ಕೈಗಡಿಯಾರ ಸಂಸ್ಥೆಯನ್ನು ಮುಚ್ಚಲು ಕೇಂದ್ರ ಸಂಪುಟ ಒಪ್ಪಿಗೆಯಿತ್ತಿತು. ಮದುವೆಯ ಉಡುಗೊರೆಯಾಗಿ, ಪರೀಕ್ಷೆಯಲ್ಲಿ ಪಾಸಾದುದರ ಬಹುಮಾನವಾಗಿ ಮನೆ ಮನೆಗೂ ಬಂದಿದ್ದ ‘ಜನತಾ’ ಗಡಿಯಾರಗಳನ್ನು ಈಗ ಜಾಲಹಳ್ಳಿಯ ವಸ್ತುಸಂಗ್ರಹಾಲಯದಲ್ಲಿ ನೋಡಬೇಕು. ಅದೇ 2016ರ ನವೆಂಬರಿನ ನೋಟು ರದ್ದತಿ ಚಿಲ್ಲರೆಯಿಂದಲೇ ಬದುಕುವ ಈ ವ್ಯಾಪಾರವನ್ನು ಕೆಲವು ವಾರ ಉಸಿರುಗಟ್ಟಿಸಿತು. 2020ರ ಮಾರ್ಚ್ 25ರಂದು ಎಲ್ಲಕ್ಕೂ ಬೀಗ ಬಿತ್ತು. ಮೇ ತಿಂಗಳ ಮೊದಲ ವಾರದಲ್ಲಿ ವಲಸೆ ಕಾರ್ಮಿಕರ ರೈಲುಗಳನ್ನು ಕರ್ನಾಟಕ ಸರ್ಕಾರ ರದ್ದುಪಡಿಸಿ, ಟೀಕೆಗೆ ಗುರಿಯಾಗಿ, ಕೆಲವೇ ದಿನಗಳಲ್ಲಿ ಮತ್ತೆ ಒಪ್ಪಿತು. ಹೋದವರಲ್ಲಿ ಅನೇಕರು ಹಿಂದಿರುಗಿದರು, ಎಲ್ಲರೂ ಅಲ್ಲ.

ನೀರಿನ ಸಂಕಟ ಬೇರೆ. ಪ್ಲೇಟಿಂಗ್ ಘಟಕಗಳಿಂದ ಹರಿದ ಕ್ರೋಮಿಯಂ ಪೀಣ್ಯದ ಅಂತರ್ಜಲವನ್ನು ಸೇರಿರುವುದು ಪರೀಕ್ಷೆಗಳಲ್ಲಿ ಕಂಡುಬಂದ ಸಂಗತಿ. ಆದುದರಿಂದ ಅಡಿಗೆಗೆ ಟ್ಯಾಂಕರಿನ ನೀರು, ಕುಡಿಯಲು ಕ್ಯಾನಿನ ನೀರು. 2024ರ ಬೇಸಿಗೆಯಲ್ಲಿ ಬೆಂಗಳೂರಿನ ಕೊಳವೆ ಬಾವಿಗಳು ಬತ್ತಿ ಟ್ಯಾಂಕರಿನ ಬೆಲೆ ಗಗನಕ್ಕೇರಿದಾಗ, ಐದು ಕಿಲೋಮೀಟರಿನೊಳಗೆ 12,000 ಲೀಟರಿಗೆ 1,000 ರೂಪಾಯಿಯೆಂದು ಜಿಲ್ಲಾಡಳಿತ ದರ ಕಟ್ಟಬೇಕಾಯಿತು. ಆ ತಿಂಗಳುಗಳಲ್ಲಿ ಸ್ಟೀಲ್ ತಟ್ಟೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಬಡಿಸುವುದು ಹೆಚ್ಚಾಯಿತು: ತೊಳೆಯುವ ನೀರು ಉಳಿಯಲೆಂದು. ಅದರಿಂದ ಕಸ ಬೆಳೆಯಿತೆಂದು ದೂರುವವರು ದೂರಲಿ. ನೀರಿಗೆ ದುಡ್ಡು ತೆತ್ತವನ ಮುಂದೆ ಆ ದೂರು ನಿಲ್ಲುವುದು ಕಷ್ಟ.

2017ರ ಆಗಸ್ಟ್ 16ರಂದು ಆರಂಭವಾದ ಇಂದಿರಾ ಕ್ಯಾಂಟೀನುಗಳು ತಿಂಡಿಗೆ 5, ಊಟಕ್ಕೆ 10 ರೂಪಾಯಿಯೆಂದು ದರ ಗೊತ್ತುಮಾಡಿದುವು. ಕೆಲಸ ತಪ್ಪಿದವನಿಗೆ ಅದು ದೊಡ್ಡ ಆಸರೆ. ಆದರೆ ಒಂದು ಹೊತ್ತಿಗೆ ಇಷ್ಟೇ ತಟ್ಟೆಯೆಂಬ ಮಿತಿಯುಂಟು. ಅರ್ಧ ಗಂಟೆಯ ವಿರಾಮದಲ್ಲಿ ದೂರ ನಡೆದು, ಸಾಲಿನಲ್ಲಿ ನಿಂತು, ಉಂಡು ಮರಳುವುದು ಎಲ್ಲರಿಗೂ ಸಾಧ್ಯವಿಲ್ಲ. ಹಾಗಾಗಿ ಷೆಡ್ಡಿನ ಬಾಗಿಲಲ್ಲೇ ನಿಲ್ಲುವ ಗಾಡಿಗೆ ಎದುರಾಳಿ ಹುಟ್ಟಿಲ್ಲ. ಆ ಗಾಡಿಯ ಹಕ್ಕಿಗಾಗಿ 2014ರಲ್ಲಿ ಬೀದಿ ವ್ಯಾಪಾರಿಗಳ ಕಾಯಿದೆ ಬಂದಿದೆ. ಆದರೂ ರಸ್ತೆಯ ಕಾಮಗಾರಿಯೋ ತೆರವಿನ ಕಾರ್ಯಾಚರಣೆಯೋ ಬಂದಾಗ ಮೊದಲು ಉರುಳಬೇಕಾದುದು ಅದರ ಗಾಲಿಗಳೇ.

ಒಂದು ಸಂಗತಿಯನ್ನು ಇಲ್ಲಿ ಹೇಳದೆ ಬಿಡುವಂತಿಲ್ಲ. ಪೀಣ್ಯದ ಗಾರ್ಮೆಂಟ್ಸ್ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಹೆಂಗಸರೇ ಬಹುಪಾಲು. ಮುದ್ದೆಯ ಮನೆಯ ಬೆಂಚಿನ ಮೇಲೆ ಅವರು ಕಾಣುವುದೇ ಇಲ್ಲವೆನ್ನಬೇಕು. ನಸುಕಿನಲ್ಲೆದ್ದು ಮನೆಮಂದಿಗೆಲ್ಲ ಅಡಿಗೆ ಮಾಡಿ, ಅದರಲ್ಲೇ ಒಂದು ಡಬ್ಬಿ ಕಟ್ಟಿಕೊಂಡು ಬರುತ್ತಾರೆ. 2016ರ ಏಪ್ರಿಲ್ 18, 19ರಂದು ಭವಿಷ್ಯನಿಧಿಯ ಹೊಸ ನಿಯಮದ ವಿರುದ್ಧ ಬೆಂಗಳೂರಿನ ಹೆದ್ದಾರಿಗಳನ್ನು ತಡೆದು ನಿಲ್ಲಿಸಿ, ಕೇಂದ್ರ ಸರ್ಕಾರ ಅದನ್ನು ಹಿಂತೆಗೆದುಕೊಳ್ಳುವಂತೆ ಮಾಡಿದವರು ಇದೇ ಹೆಂಗಸರು. ಹೋಟೆಲಿನ ಬೆಂಚು ಮಾತ್ರ ಅವರದಾಗಲಿಲ್ಲ. ಸಂಜೆ ಗೇಟು ತೆರೆದಾಗ ಹತ್ತಿಪ್ಪತ್ತು ರೂಪಾಯಿಯ ಪಾನಿಪೂರಿಯೋ ಮೆಣಸಿನಕಾಯಿ ಬಜ್ಜಿಯೋ, ಅದೂ ಮಕ್ಕಳಿಗೆಂದು ಕಟ್ಟಿಸಿಕೊಂಡದ್ದು, ಅವರ ಪಾಲಿನ ಹೊರಗಿನ ತಿನಿಸು. ಗಾಡಿಯ ಹಿಂದೆ ನಿಂತು ಸೌಟು ಹಿಡಿದವರಲ್ಲಿಯೂ ಎಷ್ಟೋ ಮಂದಿ ಹಿಂದೆ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆಯಂತ್ರ ತುಳಿದವರೇ. ಅವರು ಮಾಡಿದ್ದನ್ನು ಉಣ್ಣುವವರು ಗಂಡಸರು.

ರಾತ್ರಿ ಹತ್ತಕ್ಕೆ ನೆತ್ತಿಯ ಮೇಲೆ ಮೆಟ್ರೋ ರೈಲು ದೀಪ ಹೊತ್ತು ಹಾದುಹೋಗುವಾಗ, ಕೆಳಗೆ ಎಗ್ ರೈಸಿನ ಬಾಣಲೆಗಳು ಗಣಗಣ ಎನ್ನುತ್ತಿರುತ್ತವೆ. 2024ರ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಗೋಬಿ ಮಂಚೂರಿಯ ಕೃತಕ ಬಣ್ಣವನ್ನು ನಿಷೇಧಿಸಿತು. ಕೆಂಪು ಕಳೆದುಕೊಂಡ ಗೋಬಿಗೆ ಗಿರಾಕಿ ಕಡಿಮೆಯಾದಂತೆ ತೋರುವುದಿಲ್ಲ. ಮೊಟ್ಟೆಯೊಡೆಯುವ ಸದ್ದಿನ ನಡುವೆ ರಾತ್ರಿಪಾಳಿಯವರು ಅವಸರದಲ್ಲಿ ಉಂಡು ಒಳಗೆ ಹೋಗುತ್ತಾರೆ.

ಬೆಳಗಿನ ಗಾಡಿಯ ಒಡತಿ ಆ ಹೊತ್ತಿಗೆ ಪಾತ್ರೆ ಬೆಳಗಿ ಬೋರಲು ಹಾಕಿ, ಮರುದಿನದ ಅಕ್ಕಿಯನ್ನು ಅಳೆಯುವ ಮೊದಲು ಒಮ್ಮೆ ಎದುರಿನ ಗೇಟಿನವರೆಗೆ ನಡೆಯುತ್ತಾಳೆ. ‘ನಾಳೆ ಓ.ಟಿ. ಇದೆಯೇನಣ್ಣಾ?’ ಎಂದು ಕಾವಲುಗಾರನನ್ನು ಕೇಳುತ್ತಾಳೆ. ಇದೆಯೆಂದರೆ ಎಂಟು ಸೇರು, ಇಲ್ಲವೆಂದರೆ ಐದು. ಗೊತ್ತಿಲ್ಲವೆಂದರೆ ಆರು ಅಳೆದು, ಏಳನೆಯದನ್ನು ಕೈಯಲ್ಲಿ ಹಿಡಿದು ಸ್ವಲ್ಪ ಹೊತ್ತು ಯೋಚಿಸುತ್ತಾಳೆ.